ಶಾರ್ಟ್ ಫೈಂಡರ್ ಕಿಟ್: ಮೂರು ವರ್ಷ ಬಳಸಿದ ಮೇಲೆ

ಹಳೇ ಕಾರಿನಲ್ಲಿ ಆಗೊಮ್ಮೆ ಈಗೊಮ್ಮೆ ಫ್ಯೂಸ್ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೇ ಫ್ಯೂಸ್ ಮತ್ತೆ ಮತ್ತೆ ಹೋದರೆ ಕೆಡಿಸಿಕೊಳ್ಳಲೇಬೇಕು. ನನ್ನ ಕಾರಿನಲ್ಲಿ ಟೇಲ್ ಲ್ಯಾಂಪ್, ನಂಬರ್ ಪ್ಲೇಟ್ ಲೈಟು, ಮೀಟರ್ ಬೋರ್ಡ್ ಲೈಟು ಎಲ್ಲಕ್ಕೂ ಸೇರಿ ಒಂದೇ 10 ಆಂಪಿಯರ್ ಫ್ಯೂಸ್, ಕೆಂಪು ಬಣ್ಣದ್ದು. ಎರಡು ವಾರ ತೆಪ್ಪಗಿರುತ್ತಿತ್ತು, ಆಮೇಲೆ ಒಂದೇ ರಾತ್ರಿ ಎರಡು ಸಲ ಹೋಗುತ್ತಿತ್ತು. ತೋರಿಸಿದ ಕಡೆ ನೀಲಿ ಬಣ್ಣದ 15 ಆಂಪಿಯರ್ ಹಾಕಿ "ಇನ್ನು ಹೋಗಲ್ಲ ಬಿಡಿ" ಅಂದರು. ಮನೆಗೆ ಬಂದವನೇ ಅದನ್ನು ಕಿತ್ತೆ. ಫ್ಯೂಸ್ ಇರುವುದೇ ವೈರ್ ಸುಡದಿರಲಿ ಎಂದು, ಅಲ್ವಾ? ದೊಡ್ಡದು ಹಾಕಿದರೆ ಫ್ಯೂಸ್ ಉಳಿದು ವೈರ್ ಬೇಯುತ್ತದೆ.

ಆಗ ತರಿಸಿದ್ದು ಈ ಕಿಟ್. ಫ್ಯೂಸ್ ಜಾಗಕ್ಕೆ ಸಿಕ್ಕಿಸುವ ಒಂದು ಬ್ರೇಕರ್, ಕೈಯಲ್ಲಿ ಹಿಡಿಯುವ ಒಂದು ಮುಳ್ಳಿನ ಮೀಟರ್, ಅಷ್ಟೇ. ಶಾರ್ಟ್ ಇದ್ದರೆ, ಅಂದರೆ ವೈರಿನ ತಾಮ್ರ ಕಾರಿನ ಲೋಹದ ಮೈಗೆ ತಾಗಿದ್ದರೆ, ಬ್ರೇಕರ್ ಬಿಸಿಯಾಗಿ ಕಟ್ ಆಗುತ್ತದೆ, ತಣ್ಣಗಾಗಿ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಕರೆಂಟ್ ಬಿಟ್ಟು ಬಿಟ್ಟು ಹರಿಯುತ್ತದೆ. ವೈರಿನ ಸುತ್ತ ಆಗ ಹುಟ್ಟುವ ಕಾಂತಕ್ಷೇತ್ರಕ್ಕೆ ಮೀಟರಿನ ಮುಳ್ಳು ಅಲ್ಲಾಡುತ್ತದೆ. ವೈರಿನ ಗುಂಟ ಹೋಗುತ್ತಾ ಎಲ್ಲಿ ಮುಳ್ಳು ನಿಂತಿತೋ ಅದಕ್ಕೆ ಸ್ವಲ್ಪ ಮೊದಲೇ ವೈರ್ ಕಾರಿನ ಮೈಗೆ ಟಚ್ ಆಗಿದೆ ಎಂದರ್ಥ.

ಕೇಳಲು ಚೆಂದ. ನನ್ನ ಕಾರಿನಲ್ಲಿ ಮಾತ್ರ ಮೊದಲ ದಿನ ಏನೂ ಆಗಲಿಲ್ಲ. ಯಾಕೆಂದರೆ ನಾನು ಹುಡುಕುವಾಗ ಶಾರ್ಟ್ ಇರಲೇ ಇಲ್ಲ! ಬ್ರೇಕರ್ ಒಮ್ಮೆಯೂ ಕಟ್ ಆಗಲಿಲ್ಲ. ಸರಿ ಎಂದು, ಎರಡು ತುದಿ ಕೂಡಿದ್ದರೆ ಬೀಪ್ ಅನ್ನುವ ಮಲ್ಟಿಮೀಟರ್ ಹಿಡಿದರೆ ಅದು ಬೀಪ್ ಅಂತು, ಶಾರ್ಟ್ ಸಿಕ್ಕಿತು ಎಂದು ಖುಷಿಯಿಂದ ಅರ್ಧ ಕಾರ್ಪೆಟ್ ಎತ್ತಿದೆ. ಒಂದು ಭಾನುವಾರ ಪೂರ್ತಿ ದಂಡ. ಮಲ್ಟಿಮೀಟರ್ ತೋರಿಸುತ್ತಿದ್ದದ್ದು ಬಲ್ಬುಗಳ ಫಿಲಮೆಂಟನ್ನು. 5 ವ್ಯಾಟ್ ಬಲ್ಬು ಉರಿಯುವಾಗ ಅದರ ರೋಧ ಸುಮಾರು 29 ಓಮ್ ಇದ್ದರೆ ತಣ್ಣಗಿರುವಾಗ ಅದರ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ, ಅಂಥ ಏಳೆಂಟು ಬಲ್ಬು ಒಟ್ಟಿಗೆ ಕೂತರೆ ಮೀಟರಿಗೆ ಅದೂ ಒಂದೇ, ಶಾರ್ಟೂ ಒಂದೇ.

ಕೊನೆಗೆ ಕೆಲಸಕ್ಕೆ ಬಂದದ್ದು ಡಬ್ಬದಲ್ಲಿ ಬಿದ್ದಿದ್ದ ಹಳೇ 21 ವ್ಯಾಟ್ ಇಂಡಿಕೇಟರ್ ಬಲ್ಬು. ಅದಕ್ಕೆ ಉದ್ದ ವೈರ್ ಬೆಸೆದು ಫ್ಯೂಸ್ ಜಾಗಕ್ಕೆ ಹಾಕಿದೆ. ಎಷ್ಟೇ ಶಾರ್ಟ್ ಆದರೂ ಅದರಲ್ಲಿ ಎರಡು ಆಂಪಿಯರಿಗಿಂತ ಜಾಸ್ತಿ ಹರಿಯುವುದಿಲ್ಲ, ಫ್ಯೂಸ್ ದಂಡವಾಗುವ ಮಾತೇ ಇಲ್ಲ. ಮುಂದಿನ, ಹಿಂದಿನ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟೆ, ಇಲ್ಲದಿದ್ದರೆ ಅವುಗಳ ಲೋಡಿಗೇ ಇದು ಉರಿದುಬಿಡುತ್ತದೆ. ಲೈಟ್ ಸ್ವಿಚ್ ಹಾಕಿ, ಈ ಬಲ್ಬನ್ನು ಕಾಣುವ ಹಾಗೆ ಕಿಟಕಿಗೆ ತೂಗುಹಾಕಿ, ಬಾಗಿಲು ತೆಗೆದು ಹಾಕಿ ಮಾಡಿದೆ, ಸೀಟು ಹಿಂದೆ ಮುಂದೆ ಸರಿಸಿದೆ, ಟೇಲ್ ಲ್ಯಾಂಪಿನ ಹೋಲ್ಡರ್ ಅಲ್ಲಾಡಿಸಿದೆ. ಏನೂ ಇಲ್ಲ. ಡಿಕ್ಕಿ ಬಾಗಿಲು ಎತ್ತುವಾಗ ಅರ್ಧಕ್ಕೆ ಬಂದಿತು ನೋಡಿ, ಬಲ್ಬು ಪೂರ್ತಿ ಬೆಳಕಿನಲ್ಲಿ ಉರಿಯಿತು. ಹಿಂಜ್ ಪಕ್ಕದ ರಬ್ಬರ್ ಕೊಳವೆ ಸರಿಸಿದರೆ ನಂಬರ್ ಪ್ಲೇಟ್ ಲೈಟಿನ ವೈರಿನ ಸಿಪ್ಪೆ ಬಿರಿದು ತಾಮ್ರ ಕಾಣುತ್ತಿತ್ತು. ಮಡಚಿ ಮಡಚಿ ಹಾಗಾಗಿದೆ. ಬರೀ ಟೇಪ್ ಸುತ್ತಿದರೆ ಅದು ನಿಲ್ಲುವ ಜಾಗವಲ್ಲ. ಆ ತುಂಡನ್ನೇ ಕತ್ತರಿಸಿ, ಮೆತ್ತಗಿನ ಹೊಸ ವೈರನ್ನು ಸ್ವಲ್ಪ ಸಡಿಲ ಬಿಟ್ಟು ಸೇರಿಸಿದೆ. ಬೆಸುಗೆ ಮಡಚುವ ಜಾಗದಿಂದ ಆಚೆಗಿರಲಿ, ಇಲ್ಲದಿದ್ದರೆ ಅಲ್ಲೇ ಮತ್ತೆ ತುಂಡಾಗುತ್ತದೆ. ಆಮೇಲೆ ಆ ಫ್ಯೂಸ್ ಹೋಗಿಲ್ಲ.

ಹಾಗಾದರೆ ಕಿಟ್ ವೇಸ್ಟಾ? ಇಲ್ಲ. ಮರುವರ್ಷ ಗೆಳೆಯನ ಕಾರಿನಲ್ಲಿ ಸ್ಟೀರಿಯೋ ಫ್ಯೂಸ್ ಹಾಕಿದ ಕೂಡಲೇ ಪಟ್ ಎನ್ನುತ್ತಿತ್ತು. ಅಂಥದ್ದಕ್ಕೇ ಇದನ್ನು ಮಾಡಿರುವುದು. ಕಾರ್ಪೆಟ್ ಎತ್ತದೆ ಮೇಲಿನಿಂದಲೇ ಹಿಡಿದು ಹೋದೆ, ಮುಂದಿನ ಸೀಟು ದಾಟಿದ ಕೂಡಲೇ ಮುಳ್ಳು ಸತ್ತಿತು. ಸೀಟಿನ ಸ್ಕ್ರೂ ಸೀದಾ ವೈರಿನ ಮೇಲೆ ಕೂತಿತ್ತು. ಇಪ್ಪತ್ತು ನಿಮಿಷದ ಕೆಲಸ.

ಆದರೆ ಕಾರಿನೊಳಗೆ ಗಾಳಿ ಬೀಸುವ ಬ್ಲೋವರಿನ ಫ್ಯೂಸ್ ವಿಷಯದಲ್ಲಿ ಇದು ಉಪಯೋಗಕ್ಕಿಲ್ಲ. ಹತ್ತು ನಿಮಿಷ ಓಡಿದ ಮೇಲೆ ಫ್ಯೂಸ್ ಹೋದರೆ ಅದು ಶಾರ್ಟ್ ಅಲ್ಲ, ಓವರ್‌ಲೋಡ್. ನನ್ನದರಲ್ಲಿ ಮೋಟಾರ್ ಒಣಗಿ ಬಿಗಿಯಾಗಿತ್ತು. ಅದಕ್ಕೆ ವೈರನ್ನು ಕಚ್ಚಿ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಬೇಕು, ಅದೂ ಡಿಸಿ ಕರೆಂಟ್ ಅಳೆಯುವಂಥದ್ದು. ಎಸಿ ಮಾತ್ರ ಅಳೆಯುವುದನ್ನು ತಂದು ಕಾರಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ. ತಂದವನು ನಾನೇ, ಅದಕ್ಕೇ ಹೇಳುತ್ತಿದ್ದೇನೆ.

ಬಾಳಿಕೆ ಪರವಾಗಿಲ್ಲ. ಮುಳ್ಳು ಈಗಲೂ ಚುರುಕಾಗಿದೆ, ಬ್ರೇಕರಿನ ಒಂದು ಕಾಲು ಮಾತ್ರ ಸಡಿಲವಾಗಿದೆ, ಸಿಕ್ಕಿಸುವಾಗ ಒತ್ತಿ ಹಿಡಿಯಬೇಕು. ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಆ ಇಂಡಿಕೇಟರ್ ಬಲ್ಬಿಗೆ.