ಗ್ಯಾಲಗಾ: ಎರಡೇ ಗುಂಡಿನ ಲೆಕ್ಕ, ದೀರ್ಘ ಬಳಕೆಯ ವಿಮರ್ಶೆ

ಸ್ಕ್ರೀನ್ ತಳದ ನೌಕೆಯಿಂದ ಮೇಲಿನ ಶತ್ರುಗಳನ್ನು ಹೊಡೆಯುವ ಆರ್ಕೇಡ್ ವಿಡಿಯೊ ಆಟ, ನ್ಯಾಮ್ಕೊ ಕಂಪನಿ 1981ರಲ್ಲಿ ಹೊರತಂದ ಗ್ಯಾಲಗಾದಲ್ಲಿ ಕೈಗೆ ಸಿಗುವುದು ಎರಡೇ ವಸ್ತು: ಎಡಕ್ಕೆ ಬಲಕ್ಕೆ ಮಾತ್ರ ಆಡುವ ಜಾಯ್‌ಸ್ಟಿಕ್, ಒಂದು ಫೈರ್ ಬಟನ್. ಅರ್ಧ ನಿಮಿಷದಲ್ಲಿ ಆಟ ಅರ್ಥವಾಗುತ್ತದೆ, ಕೈಗೆ ಹತ್ತಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೆ ಕಾರಣ ಒಂದು ಸಣ್ಣ ನಿಯಮ. ಸ್ಕ್ರೀನ್ ಮೇಲೆ ಒಂದು ಸಲಕ್ಕೆ ನಮ್ಮ ಗುಂಡು ಎರಡೇ ಇರಬಹುದು.

ಹಾರಿಸಿದ ಗುಂಡು ತಾಗಿತೋ, ಅಲ್ಲೇ ಮಾಯವಾಗುತ್ತದೆ, ಮುಂದಿನದನ್ನು ತಕ್ಷಣ ಹಾರಿಸಬಹುದು. ತಪ್ಪಿತೋ, ಅದು ಮೇಲಿನ ಅಂಚು ದಾಟುವ ತನಕ ಆ ಜಾಗ ಖಾಲಿಯಾಗುವುದಿಲ್ಲ. ಎರಡೂ ತಪ್ಪಿದರೆ ಬಟನ್ ಎಷ್ಟು ಕುಟ್ಟಿದರೂ ಪ್ರಯೋಜನವಿಲ್ಲ. ಅಷ್ಟು ಹೊತ್ತು ನೀವು ನಿರಾಯುಧರು. ಗುರಿ ಹತ್ತಿರವಿದ್ದಷ್ಟೂ ಗುಂಡು ಬೇಗ ಮರಳುತ್ತದೆ, ಆದರೆ ಹತ್ತಿರ ಬಂದ ಶತ್ರುವೇ ಡಿಕ್ಕಿ ಹೊಡೆಯುವುದು. ಗ್ಯಾಲಗಾದ ರುಚಿಯೆಲ್ಲ ಈ ಇಕ್ಕಟ್ಟಿನಲ್ಲಿದೆ. ಇದಕ್ಕೂ ಮೊದಲಿನ, 1979ರ ಗ್ಯಾಲಕ್ಸಿಯನ್‌ನಲ್ಲಿ ಒಂದೇ ಗುಂಡು ಇತ್ತು. ಇವತ್ತು ಅದನ್ನು ಆಡಿದರೆ ಕೈ ಕಟ್ಟಿಹಾಕಿದಂತೆ ಅನಿಸುತ್ತದೆ. ಒಂದರಿಂದ ಎರಡಕ್ಕೆ ಏರಿಸಿದ್ದು ಚಿಕ್ಕ ಬದಲಾವಣೆ, ಆದರೆ ಆಟದ ಲಯವೇ ಬೇರೆಯಾಗಿಬಿಟ್ಟಿತು.

ಮಾಮೂಲಿ ಹಂತದಲ್ಲಿ 40 ಶತ್ರುಗಳು ಎಂಟೆಂಟರ ಐದು ಸಾಲಾಗಿ ಬರುತ್ತವೆ. ನಾಯಕರಾದ ಬಾಸ್‌ಗಳು 4, ಕೆಂಪು ಚಿಟ್ಟೆಗಳು 16, ಜೇನುಗಳು 20. ಮೊದಲ ಹಂತದಲ್ಲಿ ಮೊದಲ ಸಾಲು ಮೇಲಿನಿಂದ, ಬಾಸ್‌ಗಳಿರುವ ಎರಡನೆಯದು ಎಡದಿಂದ, ಮೂರನೆಯದು ಬಲದಿಂದ, ಕಡೆಯ ಎರಡು ಜೇನುಸಾಲು ಮತ್ತೆ ಮೇಲಿನಿಂದ. ಹೊಸಬರು ಇವೆಲ್ಲ ಬಂದು ಮೇಲೆ ತಮ್ಮ ತಮ್ಮ ಜಾಗದಲ್ಲಿ ಕೂರಲಿ ಎಂದು ಕಾಯುತ್ತಾರೆ. ತಪ್ಪೆಲ್ಲ ಅಲ್ಲೇ. ಒಳಗೆ ಬರುವಾಗ ಅವು ಒಂದರ ಹಿಂದೆ ಒಂದು ಒಂದೇ ದಾರಿಯಲ್ಲಿ ಸಾಗುತ್ತವೆ, ಆ ದಾರಿಯ ಕೆಳಗೆ ನಿಂತರೆ ಒಂದೊಂದು ಗುಂಡಿಗೂ ಒಂದೊಂದು ಬೀಳುತ್ತದೆ. ಸಾಲು ಕಟ್ಟಿ ಕೂತ ಮೇಲೆ ದೂರ ಹೆಚ್ಚು, ಹಾಗಾಗಿ ಪ್ರತಿ ಗುಂಡೂ ನಿಧಾನ. ಅಂಕಗಳೂ ಇದನ್ನೇ ಹೇಳುತ್ತವೆ: ಕೂತ ಜೇನಿಗೆ 50, ಹಾರುವ ಜೇನಿಗೆ 100, ಚಿಟ್ಟೆಗೆ 80 ಮತ್ತು 160. ಕೂತ ಬಾಸ್‌ಗೆ 150 ಇದ್ದರೆ, ಒಂಟಿಯಾಗಿ ಎರಗುವಾಗ 400, ಒಬ್ಬ ಜೊತೆಗಾರನಿದ್ದರೆ 800, ಇಬ್ಬರಿದ್ದರೆ 1600. ಬಾಸ್‌ಗೆ ಎರಡು ಏಟು ಬೇಕು, ಮೊದಲ ಏಟಿಗೆ ಹಸಿರು ಬಣ್ಣ ಹೋಗಿ ನೀಲಿಯಾಗುತ್ತದೆ.

ಇನ್ನು ಈ ಆಟದ ಹೆಸರು ಉಳಿಸಿದ ಜೋಡಿ ನೌಕೆಯ ವಿಚಾರ. ಬಾಸ್ ಕೆಳಗಿಳಿದು ಅಗಲವಾದ ಕಿರಣ ಬಿಟ್ಟು ನಿಮ್ಮ ನೌಕೆಯನ್ನು ಎಳೆದೊಯ್ಯುತ್ತದೆ. ಒಂದು ಲೈಫ್ ಹೋಯಿತು. ಆದರೆ ಸೆರೆಯ ನೌಕೆಯನ್ನು ಹೊತ್ತು ಅದೇ ಬಾಸ್ ಎರಗುವಾಗ ಅದನ್ನು ಹೊಡೆದುರುಳಿಸಿದರೆ ನೌಕೆ ಇಳಿದು ಬಂದು ನಿಮ್ಮ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಈಗ ಒಂದು ಒತ್ತಿಗೆ ಎರಡು ಗುಂಡು, ಸ್ಕ್ರೀನ್ ಮೇಲೆ ಒಟ್ಟು ನಾಲ್ಕು. ಅದಕ್ಕೆ ತೆರುವ ಬೆಲೆ, ಮೈ ಇಮ್ಮಡಿ ಅಗಲ. ಮೊದಲು ನುಸುಳಿ ಹೋಗುತ್ತಿದ್ದ ಸಂದುಗಳಲ್ಲಿ ಈಗ ಹಿಡಿಸುವುದೇ ಇಲ್ಲ.

ಇದನ್ನು ಮೊದಲ ಹಂತದಲ್ಲೇ ಮುಗಿಸಿಕೊಳ್ಳುವುದು ಲೇಸು. ಜೇನು, ಚಿಟ್ಟೆಗಳನ್ನು ಬಹುಪಾಲು ತೆಗೆದು, ಒಂದೋ ಎರಡೋ ಬಾಸ್ ಉಳಿಸಿ, ಆಮೇಲೆ ಸಿಕ್ಕಿಬೀಳಿ. ಬಾಸ್ ತನ್ನ ಜಾಗಕ್ಕೆ ಮರಳಿದ ಮೇಲೆ ಒಂದೇ ಒಂದು ಗುಂಡು ಹಾರಿಸಿ ಅದನ್ನು ನೀಲಿ ಮಾಡಿಟ್ಟುಕೊಳ್ಳಿ, ಎರಗಿದಾಗ ಇನ್ನೊಂದೇ ಏಟು ಸಾಕಾಗುತ್ತದೆ. ಇಲ್ಲಿ ಕೆಡುವ ಕ್ರಮ ಎರಡು. ಆತುರದಲ್ಲಿ ಎರಡು ಗುಂಡು ಹಾರಿಸಿ ಕೂತಿರುವಾಗಲೇ ಬಾಸ್ ಸತ್ತರೆ ಸೆರೆಯ ನೌಕೆ ನಿಮ್ಮ ಮೇಲೇ ತಿರುಗಿಬಿದ್ದು ಹೊರಟುಹೋಗುತ್ತದೆ. ಎರಗುವಾಗ ನೌಕೆ ಬಾಸ್‌ನ ಬೆನ್ನಿಗೇ ಇರುತ್ತದೆ, ಹಾಗಾಗಿ ಬಾಸ್ ಸತ್ತ ಕೂಡಲೇ ಹಿಂದೆ ಬಂದ ಹೆಚ್ಚುವರಿ ಗುಂಡು ನಿಮ್ಮವನನ್ನೇ ಕೊಲ್ಲುತ್ತದೆ. ಕಡೆಯ ಲೈಫ್‌ನಲ್ಲಿ ಮಾತ್ರ ಈ ಸಾಹಸ ಬೇಡ. ಬಿಡಿಸಲು ಯಾರೂ ಉಳಿದಿರುವುದಿಲ್ಲ, ಆಟ ಅಲ್ಲಿಗೇ ಮುಗಿಯುತ್ತದೆ.

ಜೋಡಿ ನೌಕೆಯ ನಿಜವಾದ ಫಲ ಚಾಲೆಂಜಿಂಗ್ ಸ್ಟೇಜ್‌ನಲ್ಲಿ. ಮೂರನೇ ಹಂತ, ಅಲ್ಲಿಂದ ಪ್ರತಿ ನಾಲ್ಕಕ್ಕೊಮ್ಮೆ: 7, 11, 15. ಅಲ್ಲಿ ಶತ್ರು ಗುಂಡು ಹಾರಿಸುವುದಿಲ್ಲ, 40 ಬಂದು 40 ಹೋಗುತ್ತವೆ. ಎಲ್ಲ ಬಿದ್ದರೆ 10,000 ಬೋನಸ್. ಒಂದು ತಪ್ಪಿದರೂ ತಲೆಗೆ 100ರಂತೆ, ಅಂದರೆ ಹೆಚ್ಚೆಂದರೆ 3,900. ಆಯಾ ಹಂತದ ದಾರಿಗಳು ಪ್ರತಿ ಆಟದಲ್ಲೂ ಒಂದೇ, ಎಲ್ಲಿ ನಿಲ್ಲಬೇಕೆಂಬುದನ್ನು ಬಾಯಿಪಾಠ ಮಾಡಬಹುದು. ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಹೆಚ್ಚುವರಿ ಲೈಫ್ 20,000ಕ್ಕೆ, 70,000ಕ್ಕೆ, ಆಮೇಲೆ ಪ್ರತಿ 70,000ಕ್ಕೆ ಎಂಬುದನ್ನು ನೆನೆದರೆ ಆ 10,000ದ ತೂಕ ತಿಳಿಯುತ್ತದೆ. ಆಟ ಮುಗಿದಾಗ ಹಾರಿಸಿದ ಗುಂಡೆಷ್ಟು, ತಾಗಿದ್ದೆಷ್ಟು, ಶೇಕಡಾ ಎಷ್ಟು ಎಂದು ಪಟ್ಟಿ ಬರುತ್ತದೆ. ಬಹಳ ಮಂದಿ ಅದನ್ನು ನೋಡುವುದೇ ಇಲ್ಲ, ಸ್ಕೋರ್‌ಗಿಂತ ಹೆಚ್ಚು ಕಲಿಸುವುದು ಅದೇ.

ಯಾವ ರೂಪದಲ್ಲಿ ಆಡಬೇಕು? ಮೂಲ ಚಿತ್ರ 224 ಪಿಕ್ಸೆಲ್ ಅಗಲ, 288 ಪಿಕ್ಸೆಲ್ ಎತ್ತರದ ನಿಂತ ಚಿತ್ರ. ಮಾಮೂಲಿ 1080 ಸಾಲಿನ ಅಡ್ಡ ಟಿವಿಯಲ್ಲಿ ಪೂರ್ಣಾಂಕದಲ್ಲಿ ಮೂರು ಪಟ್ಟು ಮಾತ್ರ ಹಿಗ್ಗಿಸಬಹುದು, ಅಂದರೆ 864 ಸಾಲು. ಉಳಿದದ್ದು ಕಪ್ಪು. ಪೂರ್ತಿ ತುಂಬಿಸಲು ಹೋದರೆ ಜೇನಿನ ರೆಕ್ಕೆಗಳು ಒಂದು ಕಡೆ ದಪ್ಪ, ಒಂದು ಕಡೆ ಸಣಕಲಾಗಿ ಕಾಣುತ್ತವೆ. ಮಾನಿಟರ್ ತಿರುಗಿಸಿ ನಿಲ್ಲಿಸಲು ಆಗುವುದಾದರೆ ಹಾಗೇ ಮಾಡಿ. ಹಳೆಯ ಮನೆ ಕನ್ಸೋಲ್‌ಗಳಿಗೆ ಬಂದ ಆವೃತ್ತಿಗಳು ಅಡ್ಡ ಚಿತ್ರಕ್ಕೆ ಒಗ್ಗಿಸಿದವು. ಆಟವೇನೋ ಚೆನ್ನ, ಆದರೆ ಮೇಲಂಚಿಗೆ ದೂರ ಬದಲಾದರೆ ಗುಂಡು ಮರಳುವ ಹೊತ್ತೂ ಬದಲಾಗುತ್ತದೆ, ಅಲ್ಲಿ ಕಲಿತ ಲಯ ಇಲ್ಲಿ ನಡೆಯುವುದಿಲ್ಲ.

ಟಿವಿಯಲ್ಲಾದರೆ ಚಿತ್ರದ ತಡ ಕಡಿಮೆ ಮಾಡುವ ಗೇಮ್ ಮೋಡ್ ಹಾಕದೆ ಆಡಬೇಡಿ. ಬಟನ್ ಒತ್ತಿದ್ದಕ್ಕೂ ಗುಂಡು ಹೊರಟದ್ದಕ್ಕೂ ನಡುವೆ ತುಸು ತಡವಾದರೂ ಸಾಲಾಗಿ ಬರುವ ಶತ್ರುಗಳ ನಡುವಿನ ಸಂದಿಗೇ ಗುಂಡು ಹೋಗುತ್ತದೆ. ನಿಮ್ಮ ಕೈ ಹಾಳಾಗಿದೆ ಅಂದುಕೊಳ್ಳುತ್ತೀರಿ, ಹಾಳಾಗಿರುವುದು ಸೆಟ್ಟಿಂಗ್. ಹೆಬ್ಬೆರಳಿನ ಅನಲಾಗ್ ಸ್ಟಿಕ್‌ಗಿಂತ ದಿಕ್ಕಿನ ಬಟನ್‌ಗಳಿರುವ ಡಿ-ಪ್ಯಾಡ್ ಉತ್ತಮ, ಅವೆರಡಕ್ಕಿಂತಲೂ ಎರಡೇ ದಿಕ್ಕಿನ ಆರ್ಕೇಡ್ ಸ್ಟಿಕ್ ಉತ್ತಮ. ಫಾಸ್ಟ್ ಶೂಟ್ ಎಂದು ಗುಂಡಿನ ವೇಗ ಹೆಚ್ಚಿಸಿ ತಿದ್ದಿದ ಆವೃತ್ತಿಗಳೂ ಓಡಾಡುತ್ತಿವೆ. ಹತ್ತು ನಿಮಿಷ ಮಜಾ, ಆಮೇಲೆ ಸಪ್ಪೆ. ತಪ್ಪಿದ್ದಕ್ಕೆ ದಂಡವೇ ಇಲ್ಲದಿದ್ದರೆ ಗುರಿಯಿಡುವುದು ಯಾಕೆ?

ಹಳೆಯ ಕ್ಯಾಬಿನೆಟ್, ಅಂದರೆ ಆರ್ಕೇಡ್‌ನ ಆಟದ ಪೆಟ್ಟಿಗೆ ಕೊಳ್ಳುವವರು ಆನ್ ಮಾಡಿದ ಕ್ಷಣದಿಂದ ಸ್ಕ್ರೀನ್ ನೋಡಬೇಕು. ಮೂರು ಝಡ್80 ಪ್ರೊಸೆಸರ್‌ಗಳ ಈ ಬೋರ್ಡ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು ರ‍್ಯಾಮ್, ರಾಮ್ ಎಂಬ ಮೆಮೊರಿ ಚಿಪ್‌ಗಳು ಸರಿಯಿವೆ ಎಂದು ಬರೆಯುತ್ತದೆ. ಬರೆಯದೆ ಅಲ್ಲೇ ನಿಂತರೆ ಚಿಪ್‌ಗಳನ್ನು ದೂರುವ ಮೊದಲು ಬೋರ್ಡ್ ಹತ್ತಿರವೇ 5 ವೋಲ್ಟ್ ಅಳೆಯಿರಿ, ಕನೆಕ್ಟರ್ ಸುಟ್ಟು ಕಪ್ಪಾಗಿದೆಯೇ ನೋಡಿ. ಫೈರ್ ಬಟನ್ ಎರಡಕ್ಕೊಂದು ಸಲ ಕೆಲಸ ಮಾಡಿದರೆ ಲೀಫ್ ಸ್ವಿಚ್‌ನ ಲೋಹದ ಎಲೆಗಳ ನಡುವೆ ದಪ್ಪ ಕಾಗದ ಇಟ್ಟು ಎಳೆದು ಸ್ವಚ್ಛಮಾಡಿ, ಉಪ್ಪುಕಾಗದ ಬೇಡ, ಮೇಲಿನ ಲೇಪ ಹೋಗುತ್ತದೆ. ಹೈ ಸ್ಕೋರ್ ಪಟ್ಟಿ ಆಫ್ ಮಾಡಿದರೆ ಅಳಿಸಿಹೋಗುತ್ತದೆ. ಅದು ರಿಪೇರಿಯ ವಿಷಯವಲ್ಲ, ಮೂಲದಲ್ಲೇ ಹಾಗೆ.

ಕುಂದುಗಳಿವೆ. ಹಂತದ ಸಂಖ್ಯೆಗೆ ಮೆಮೊರಿಯಲ್ಲಿ ಒಂದೇ ಬೈಟ್, ಅಂದರೆ 0ರಿಂದ 255ರ ತನಕ ಹಿಡಿಸುವ ಜಾಗ, ಕೊಟ್ಟಿರುವುದರಿಂದ 255 ದಾಟಿದರೆ ಲೆಕ್ಕ ಸೊನ್ನೆಗೆ ಬರುತ್ತದೆ, ಕಷ್ಟದ ಸೆಟ್ಟಿಂಗ್ ಯಾವುದೆಂಬುದರ ಮೇಲೆ ಆಟ ಅಲ್ಲೇ ಸ್ತಬ್ಧವಾಗಬಹುದು. ನಮ್ಮಂಥವರಿಗೆ ಆ ಚಿಂತೆಯಿಲ್ಲ. ಇನ್ನೊಂದು ಎಲ್ಲರ ಕೈಗೂ ಎಟುಕುತ್ತದೆ: ಮೊದಲ ಹಂತದಲ್ಲಿ ಎಡತುದಿಯ ಎರಡು ಜೇನುಗಳನ್ನು ಮಾತ್ರ ಉಳಿಸಿ, ಸುಮಾರು ಕಾಲು ಗಂಟೆ ತಪ್ಪಿಸಿಕೊಳ್ಳುತ್ತಾ ಇದ್ದರೆ ಅವು ಗುಂಡು ಹಾರಿಸುವುದನ್ನೇ ನಿಲ್ಲಿಸುತ್ತವೆ. ಹಲವು ಸುತ್ತು ನೋಡಿ ಖಾತ್ರಿಯಾದ ಮೇಲೆ ಅವನ್ನು ಕೊಂದರೆ ಉಳಿದ ಇಡೀ ಆಟದಲ್ಲಿ ಯಾವ ಶತ್ರುವೂ ಗುಂಡು ಹಾರಿಸುವುದಿಲ್ಲ. ಹೀಗೆ ಪಡೆದ ಸ್ಕೋರ್ ಯಾರಾದರೂ ತೋರಿಸಿದರೆ, ಮೊದಲ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ.