ಪೈರೋಲ್ ರೆಡ್ (ಪಿಆರ್ 254): ವರ್ಷಗಟ್ಟಲೆ ಬಳಸಿದ ಮೇಲೆ

ವಾಟರ್‌ಕಲರ್, ಅಕ್ರಿಲಿಕ್ ಎರಡ್ರಲ್ಲೂ ಈ ಕೆಂಪನ್ನ ವರ್ಷಗಟ್ಟಲೆ ಬಳಸ್ತಾ ಬಂದಿದೀನಿ, ಪ್ಯಾಲೆಟ್‌ನಲ್ಲಿ ಕಿತ್ತಳೆ ಕಡೆ ವಾಲೋ ಒಂದೇ ಒಂದು ಕೆಂಪಿಗೆ ಜಾಗ ಇದ್ರೆ ಅದು ಇದಕ್ಕೇ ಸಿಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕಾರ್ ಪೇಂಟ್‌ನೋರು ಫೆರಾರಿ ರೆಡ್ ಅಂತ ಕರೆಯೋದು ಇದೇ ಪಿಗ್ಮೆಂಟನ್ನ, ಅಂದ್ರೆ ಬಣ್ಣ ಕೊಡೋ ಪುಡಿನ. ಪಿಆರ್ ಅಂದ್ರೆ ಪಿಗ್ಮೆಂಟ್ ರೆಡ್, ಮುಂದಿರೋದು ಟ್ಯೂಬ್ ಮೇಲೆ ಬರೆದಿರೋ ಪಿಗ್ಮೆಂಟ್ ನಂಬರ್.

ಕ್ಯಾಡ್ಮಿಯಂ ರೆಡ್ ಬಿಟ್ಟು ಬರೋರಿಗೆ ಒಂದು ಮಾತು. ಕ್ಯಾಡ್ಮಿಯಂನಷ್ಟು ಕೆಳಗಿನ ಬಣ್ಣ ಮುಚ್ಚಲ್ಲ, ಆದ್ರೆ ಬಿಳಿ ಜೊತೆ ಕಲಿಸಿದ್ರೆ ಇದರ ಜೋರು ಗೊತ್ತಾಗತ್ತೆ, ಚೂರೇ ಚೂರು ಹಾಕಿದ್ರೂ ಇಡೀ ಮಿಶ್ರಣನ ಎಳ್ಕೊಂಡು ಹೋಗತ್ತೆ. ಪೇಪರ್‌ಗೂ ಕಚ್ಕೊಳತ್ತೆ, ಒಣಗಿದ ಮೇಲೆ ಒದ್ದೆ ಬ್ರಶ್‌ನಲ್ಲಿ ಎಬ್ಬಿಸ್ತೀನಿ ಅಂದ್ರೆ ಪೂರ್ತಿ ಬರಲ್ಲ.

ನಾನು ಇದನ್ನ ಬಿಡದೇ ಇರೋಕೆ ಮುಖ್ಯ ಕಾರಣ ಬಿಸಿಲು. ಬಣ್ಣ ಹಚ್ಚಿದ ಪೇಪರ್ ಪಟ್ಟಿಗಳನ್ನ ಅರ್ಧ ಮುಚ್ಚಿ ಕಿಟಕಿಗೆ ಅಂಟಿಸಿಟ್ಟಿದ್ದೆ, ಅಲಿಜರಿನ್ ಕ್ರಿಮ್ಸನ್ (ಪಿಆರ್ 83) ತೆಳು ವಾಶ್ (ನೀರು ಜಾಸ್ತಿ ಬೆರೆಸಿ ಹಚ್ಚಿದ ಪದರ) ಕಣ್ಣಿಗೆ ಕಾಣೋ ಹಾಗೆ ಬಿಳಿಚ್ಕೊಂಡಿತ್ತು, ಪಕ್ಕದಲ್ಲಿದ್ದ 254ರಲ್ಲಿ ಮುಚ್ಚಿದ್ದ ಭಾಗ ಯಾವ್ದು ಬಿಟ್ಟಿದ್ದ ಭಾಗ ಯಾವ್ದು ಅಂತ ಹುಡುಕಬೇಕಾಯ್ತು. ಇದರ ಹರಳಿನಲ್ಲಿ ಅಣುಗಳು ಹೈಡ್ರೋಜನ್ ಬಾಂಡ್‌ಗಳಿಂದ ಒಂದಕ್ಕೊಂದು ಬಿಗಿಯಾಗಿ ಹಿಡ್ಕೊಂಡಿರತ್ವೆ, ಅದಕ್ಕೇ ಸಾಲ್ವೆಂಟ್‌ನಲ್ಲೂ ಸುಲಭಕ್ಕೆ ಕರಗಲ್ಲ, ಬಿಸಿಲಿಗೂ ಬಗ್ಗಲ್ಲ. 1974ರಲ್ಲಿ ಡೊನಾಲ್ಡ್ ಫಾರ್ನಮ್ ಅನ್ನೋ ಕೆಮಿಸ್ಟ್ ಬೇರೇನೋ ಮಾಡೋಕೆ ಹೋದಾಗ ಸಿಕ್ಕಿದ ಅಣುವಿನ ಗುಂಪಿದು, ಸೀಬಾ-ಗೈಗಿ ಕಂಪನಿ 80ರ ದಶಕದಲ್ಲಿ ಅದನ್ನ ಮಾರ್ಕೆಟ್‌ಗೆ ತಂತು. ಬಣ್ಣ ಉಳಿಯೋದು ಸಣ್ಣ ವಿಷಯ ಅಲ್ಲ, ಅಮೆರಿಕದ ಚಿತ್ರಕಾರ ಮಾರ್ಕ್ ರೊಥ್ಕೊ ಹಾರ್ವರ್ಡ್ ಯೂನಿವರ್ಸಿಟಿಗೆ ಮಾಡ್ಕೊಟ್ಟ ಮ್ಯೂರಲ್‌ಗಳಲ್ಲಿ (ಗೋಡೆಗೆ ಹಾಕೋ ದೊಡ್ಡ ಚಿತ್ರಗಳಲ್ಲಿ) ಲಿಥಾಲ್ ರೆಡ್ ಅನ್ನೋ ಪಿಗ್ಮೆಂಟ್ ಇತ್ತು, ಕೋಣೆಗೆ ಬೀಳೋ ಬೆಳಕಿಗೇ ಅದು ಎಷ್ಟು ಇಳೀತು ಅಂದ್ರೆ 1979ರ ಹೊತ್ತಿಗೆ ಗೋಡೆಯಿಂದ ತೆಗೆದು ಒಳಗಿಡಬೇಕಾಯ್ತು. ಓದಿದಾಗ ನಿಜವಾಗ್ಲೂ ಸಂಕಟ ಆಯ್ತು.

ಕೊರತೆ ಅಂದ್ರೆ ನೇರಳೆ. ಅಲ್ಟ್ರಾಮರೀನ್ ಜೊತೆ ಕಲಿಸಿದ್ರೆ ಮಂಕು ಕಂದು ಬರತ್ತೆ, ನೇರಳೆ ಕೈಗೆ ಹತ್ತಲ್ಲ. ಅದಕ್ಕೆ ಪಕ್ಕದಲ್ಲಿ ಕ್ವಿನಾಕ್ರಿಡೋನ್ (ಪಿವಿ 19, ಪಿವಿ ಅಂದ್ರೆ ಪಿಗ್ಮೆಂಟ್ ವಯಲೆಟ್) ಇಟ್ಕೊಂಡಿದೀನಿ, ಗುಲಾಬಿ, ನೇರಳೆ ಎರಡೂ ಶುದ್ಧವಾಗಿ ಬರತ್ತೆ. ಈ ಪಿವಿ 19 ಕೊಳ್ಳುವಾಗ ಮಾತ್ರ ಹುಷಾರು, ಒಂದೇ ಅಣು ಹರಳುಗಟ್ಟೋ ರೀತಿ ಬದಲಾದ್ರೆ ಬಣ್ಣನೇ ಬದಲಾಗತ್ತೆ, ಗಾಮಾ ರೂಪ ಕೆಂಪು, ಬೀಟಾ ರೂಪ ನೇರಳೆ, ಟ್ಯೂಬ್ ಮೇಲೆ ನಂಬರ್ ಮಾತ್ರ ಅದೇ ಇರತ್ತೆ. ಹಾಗಾಗಿ ಸ್ವಾಚ್ (ಬಣ್ಣ ಹಚ್ಚಿದ ಮಾದರಿ) ನೋಡ್ದೆ ತಗೋಬೇಡಿ.

ಕಡಿಮೆ ರೇಟಿನ ಸೆಟ್‌ಗಳಲ್ಲಿ ಬರೋ ಕೆಂಪು ಹೆಚ್ಚಾಗಿ ನ್ಯಾಫ್ಥಾಲ್ ಅನ್ನೋ ಬೇರೆ ಪಿಗ್ಮೆಂಟ್, ಪಿಆರ್ 112 ಅಥವಾ 170 ಅಂತ ಬರೆದಿರತ್ತೆ. ಸ್ಕೆಚ್‌ಬುಕ್ಕಿಗೆ ಧಾರಾಳ ಸಾಕು, ಗಾಢವಾಗಿ ಹಚ್ಚಿದ್ರೆ ಚೆನ್ನಾಗೇ ಇರತ್ತೆ. ಬಿಳಿ ಬೆರೆಸಿ ತಿಳಿ ಮಾಡಿದಾಗ ಮಾತ್ರ ಬಿಸಿಲಿಗೆ ಬೇಗ ಸೋಲತ್ತೆ, ಗೋಡೆಗೆ ಹಾಕೋ ಚಿತ್ರಕ್ಕೆ ನಾನು ಬಳಸಲ್ಲ.