ನಾಲ್ಕು ನಂಬರಿನ ಕಪ್ಪು ಶೂ: ಆಸ್ಪತ್ರೆ ಡ್ಯೂಟಿಯಲ್ಲಿ ಏಳು ತಿಂಗಳು

ನನ್ನ ಪಾದದ ನಂಬರ್ ನಾಲ್ಕು. ಕಂಪನಿ ಕೊಟ್ಟ ಶೂ ಆರು. ನಡುವಿನ ಜಾಗಕ್ಕೆ ಹತ್ತಿ ತುಂಬಿಕೊಂಡು ವರ್ಷಗಟ್ಟಲೆ ಡ್ಯೂಟಿ ಮಾಡಿದ್ದೇನೆ. ಹಾಗಾಗಿ ಈಗ ಹಾಕುತ್ತಿರುವ ಶೂ ಬಗ್ಗೆ ಬರೆಯಬೇಕು ಅನ್ನಿಸಿತು. ಸೆಕ್ಯೂರಿಟಿ ಕೆಲಸದಲ್ಲಿರುವ ಹೆಣ್ಣುಮಕ್ಕಳು ಇದನ್ನು ಓದಲಿ ಎಂಬುದು ನನ್ನ ಆಸೆ.

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಕೆಲಸ. ಆರು ವರ್ಷ ಗಾರ್ಡ್ ಆಗಿದ್ದೆ. ಎರಡು ವರ್ಷದಿಂದ ಸೆಕ್ಯೂರಿಟಿ ಆಫೀಸರ್. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ಇಲ್ಲದಿದ್ದರೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಆಫೀಸರ್ ಆದ ಮೇಲೆ ನಡಿಗೆ ಇನ್ನೂ ಜಾಸ್ತಿಯಾಗಿದೆ. ಮೇನ್ ಗೇಟು, ಎಮರ್ಜೆನ್ಸಿ, ಹೆರಿಗೆ ವಾರ್ಡು, ಮಕ್ಕಳ ಐಸಿಯು, ಹಿಂದಿನ ಮೆಟ್ಟಿಲು, ಪಾರ್ಕಿಂಗ್, ಎಲ್ಲ ಪೋಸ್ಟಿಗೂ ರೌಂಡ್ಸ್ ಹೋಗಿ ರಿಜಿಸ್ಟರಿಗೆ ಸಹಿ ಹಾಕಬೇಕು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. "ಅಷ್ಟು ಕಷ್ಟ ಆದ್ರೆ ಚಪ್ಪಲಿ ಹಾಕಿಕೊಳ್ಳಿ, ಬೆಲ್ಟಿನ ಶೂ ಹಾಕಿಕೊಳ್ಳಿ" ಎಂದು ಮನೆಯವರೂ ಹೇಳುತ್ತಿದ್ದರು. ಅದು ಆಗುವುದಿಲ್ಲ. ಖಾಸಗಿ ಸೆಕ್ಯೂರಿಟಿಗೆ 2005ರ ಕಾಯ್ದೆ ಇದೆ. ಅದರ ಕೆಳಗೆ ಕೇಂದ್ರ ಸರ್ಕಾರ ಮಾಡಿದ ಮಾದರಿ ನಿಯಮಗಳಲ್ಲಿ ಯೂನಿಫಾರ್ಮ್ ಹೇಗಿರಬೇಕು ಎಂದು ಬರೆದಿದೆ. ತೋಳಿಗೆ ಬ್ಯಾಡ್ಜು, ದಾರ ಕಟ್ಟಿದ ವಿಸಿಲ್ಲು ಎಡ ಜೇಬಿನಲ್ಲಿ, ತಲೆಗೆ ಟೋಪಿ. ಶೂಗೆ ಲೇಸಿನ ತೂತು ಮತ್ತು ಲೇಸು ಇರಲೇಬೇಕು. 20 ದಿನ, 160 ಗಂಟೆಯ ಟ್ರೈನಿಂಗಿನಲ್ಲಿ ನಮಗೆ ಇದನ್ನೂ ಹೇಳಿಕೊಟ್ಟಿದ್ದರು. ಲೇಸಿನ ಶೂ ಎಂದು ನಿಯಮದಲ್ಲಿದೆ, ಯಾರ ಕಾಲಿನ ಅಳತೆಗೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕಂಪನಿಯ ಗೋಡೌನಿನಲ್ಲಿ ಇದ್ದದ್ದು ಗಂಡಸರ ಶೂ. ಅದರಲ್ಲಿ ಸಣ್ಣದೇ ಆರು ನಂಬರ್.

ಆ ಶೂ ಪಿವಿಸಿಯದು. ಅಟ್ಟೆಯೂ ಅದೇ, ಮೇಲಿನ ಭಾಗವೂ ಪ್ಲಾಸ್ಟಿಕ್ಕಿನಂಥದ್ದೇ. ಗಾಳಿ ಆಡುವುದಿಲ್ಲ. ಸಂಜೆ ಸಾಕ್ಸು ಬಿಚ್ಚಿದರೆ ಪಾದ ನೀರಿನಲ್ಲಿ ನೆನೆದಂತೆ ಬೆಳ್ಳಗಾಗಿರುತ್ತಿತ್ತು. ಒಮ್ಮೆ ನಮ್ಮ ಬೀದಿಯ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಎರಡೂ ಸೇರಿ 1 ಕೆಜಿ 120 ಗ್ರಾಂ. ದಿನವಿಡೀ ಅಷ್ಟು ಭಾರ ಎತ್ತಿ ಇಳಿಸಿ ನಡೆಯಬೇಕು. ನಡುವೆ ಗಂಡುಹುಡುಗರ ಸ್ಕೂಲ್ ಶೂ ಕೂಡ ಹಾಕಿದೆ. ನಾಲ್ಕು ನಂಬರ್ ಸಿಗುತ್ತದೆ, ಹಗುರ, ಬೆಲೆಯೂ ಕಡಿಮೆ. ನಮ್ಮಲ್ಲಿ ತುಂಬಾ ಹೆಣ್ಣುಮಕ್ಕಳು ಇದನ್ನೇ ಹಾಕುತ್ತಾರೆ. ಆದರೆ ಅದು ಮಗುವಿನ ತೂಕಕ್ಕೆ, ಅರ್ಧ ದಿನದ ಶಾಲೆಗೆ ಮಾಡಿದ ಶೂ. ಮೂರು ತಿಂಗಳಿಗೆ ಹಿಮ್ಮಡಿ ಜಾಗ ಒಳಗೆ ಕುಸಿದುಹೋಗುತ್ತಿತ್ತು.

ಆಮೇಲೆ ಹಿಮ್ಮಡಿ ನೋವು ಶುರುವಾಯಿತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಚುಚ್ಚಿದಂತೆ. ಹತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಕಡಿಮೆ. ಮೂಳೆ ಡಾಕ್ಟರು ನೋಡಿ ಪ್ಲಾಂಟರ್ ಫೇಶಿಯೈಟಿಸ್ ಎಂದರು. ಪಾದದ ಅಡಿಯ ಪಟ್ಟಿಯಂಥ ನಾರು ಎಳೆದು ಎಳೆದು ನೊಂದಿದೆ ಎಂದು ಬಿಡಿಸಿ ಹೇಳಿದರು. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ ಮೇಲೆ ಪಾದ ಉರುಳಿಸಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿ, ಮೊದಲು ಶೂ ಬದಲಿಸಿ ಎಂದರು.

ಬದಲಿಸುವ ಧೈರ್ಯ ಬಂದದ್ದು ಮಾತ್ರ ಒಂದು ಮಾಕ್ ಡ್ರಿಲ್ ದಿನ. ಮಗು ಕಾಣೆಯಾದರೆ ನಮ್ಮಲ್ಲಿ ಕೋಡ್ ಪಿಂಕ್ ಎಂದು ಮೈಕಿನಲ್ಲಿ ಕೂಗುತ್ತಾರೆ. ಕೂಗಿದ ತಕ್ಷಣ ಪ್ರತಿ ಗಾರ್ಡೂ ತನ್ನ ಬಾಗಿಲು ಹಿಡಿಯಬೇಕು. ಬ್ಯಾಗು, ಬಟ್ಟೆಗಂಟು, ಹೊದಿಕೆ ಹಿಡಿದ ಯಾರನ್ನೂ ನೋಡದೆ ಹೊರಗೆ ಬಿಡಬಾರದು. ಮಗುವಿನ ಕಾಲಿನ ಪಟ್ಟಿಯ ನಂಬರು, ತಾಯಿಯ ಕೈಯಲ್ಲಿರುವ ಪಟ್ಟಿಯ ನಂಬರು ಒಂದೇ ಇದೆಯಾ ನೋಡಬೇಕು. ಡ್ರಿಲ್‌ನಲ್ಲಿ ಗೊಂಬೆಯನ್ನು ಬ್ಯಾಗಿನಲ್ಲಿಟ್ಟು ಒಬ್ಬರನ್ನು ಕಳಿಸುತ್ತಾರೆ. ಯಾವ ಬಾಗಿಲಿಂದ ಹೋಗುತ್ತಾರೆ ಎಂದು ನಮಗೆ ಹೇಳುವುದಿಲ್ಲ. ನಾನು ಎರಡನೇ ಮಹಡಿಯಿಂದ ಹಿಂದಿನ ಮೆಟ್ಟಿಲಲ್ಲಿ ಓಡಿ ಇಳಿಯುತ್ತಿದ್ದೆ. ಬಲಗಾಲಿನ ಶೂ ಕಳಚಿ ಹೋಯಿತು. ಕಂಬಿ ಹಿಡಿದುಕೊಂಡೆ, ಬೀಳಲಿಲ್ಲ. ಶೂ ಹಾಕಿಕೊಂಡು ಪಾರ್ಕಿಂಗ್ ಬಾಗಿಲಿಗೆ ಹೋಗುವಷ್ಟರಲ್ಲಿ ಗೊಂಬೆ ಹೊರಗೆ ಹೋಗಿತ್ತು.

ಅದು ಗೊಂಬೆ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ವಾರದ ಆಫ್ ದಿನ ಅಶೋಕ ರಸ್ತೆ ಕಡೆ ಹೋದೆ. ಅಲ್ಲಿಂದ ಒಳಗೆ ತಿರುಗುವ ಓಣಿಯಲ್ಲಿ ಕೈಯಿಂದ ಶೂ ಹೊಲಿಯುವ ಒಂದು ಅಂಗಡಿ ಇದೆ ಎಂದು ನಮ್ಮ ಆಂಬುಲೆನ್ಸ್ ಡ್ರೈವರ್ ಅಣ್ಣ ಹೇಳಿದ್ದರು. ಅಂಗಡಿಗೆ ಬೋರ್ಡು ಇಲ್ಲ. ಯಜಮಾನರಿಗೆ ಅರವತ್ತು ದಾಟಿದೆ. ಬರೆಯುತ್ತೇನೆ ಎಂದಾಗ ಹೆಸರು ಹಾಕಬೇಡಮ್ಮ, ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲ ಎಂದರು. ಅದಕ್ಕೇ ಹಾಕಿಲ್ಲ. ಆದರೆ ಅವರು ಮಾಡಿದ್ದನ್ನು ತಿಳಿದುಕೊಂಡರೆ ನಿಮ್ಮ ಊರಿನ ಚರ್ಮದ ಕೆಲಸದವರ ಹತ್ತಿರವೂ ಮಾಡಿಸಿಕೊಳ್ಳಬಹುದು.

ನಾನು ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅಳತೆ ತೆಗೆದುಕೊಳ್ಳಲಿಲ್ಲ. "ಡ್ಯೂಟಿ ಮುಗಿಸಿಕೊಂಡು ಸಂಜೆ ಬಾಮ್ಮ, ನಿಂತು ನಿಂತು ಊದಿದ ಪಾದದ ಅಳತೆ ಬೇಕು ನನಗೆ" ಎಂದರು. ಎರಡು ದಿನ ಬಿಟ್ಟು, ಡ್ಯೂಟಿ ಮುಗಿಸಿ ರಾತ್ರಿ ಎಂಟೂವರೆಗೆ ಹೋದೆ. ನನಗಾಗಿಯೇ ಬಾಗಿಲು ತೆರೆದಿಟ್ಟು ಕೂತಿದ್ದರು. ರಟ್ಟಿನ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಬೆರಳ ಬುಡಕ್ಕೆ, ಪಾದದ ನಡುವಿಗೆ ಟೇಪು ಸುತ್ತಿದರು. ನನ್ನ ಎಡಪಾದ ಬಲಕ್ಕಿಂತ ಸ್ವಲ್ಪ ದೊಡ್ಡದು ಎಂದು ನನಗೆ ಗೊತ್ತಾದದ್ದೇ ಆವತ್ತು. ಆಮೇಲೆ ಕೆಲಸದ ಬಗ್ಗೆ ಕೇಳಿದರು. ಎಲ್ಲಿ ನಿಲ್ಲುತ್ತೀಯ, ನೆಲ ಎಂಥದ್ದು, ಓಡಬೇಕಾಗುತ್ತಾ, ನೀರು ಬೀಳುತ್ತಾ? ಎಂಟು ವರ್ಷದಲ್ಲಿ ನನ್ನ ಕಾಲಿನ ಬಗ್ಗೆ ಯಾರೂ ಇಷ್ಟು ಕೇಳಿರಲಿಲ್ಲ.

ಬೆಲೆ 1,850 ರೂಪಾಯಿ. 500 ಮುಂಗಡ. ಹನ್ನೆರಡು ದಿನ ಹಿಡಿಯಿತು.

ಶೂ ಹೀಗಿದೆ. ಮೇಲಿನದು ಚರ್ಮ, ಕಪ್ಪು, ಐದು ಜೊತೆ ತೂತಿನ ಲೇಸು. ಲೇಸು ಚಪ್ಪಟೆ ಹತ್ತಿಯದು. ಉರುಟು ನೈಲಾನ್ ಲೇಸಿನ ಗಂಟು ನಡೆಯುತ್ತಾ ನಡೆಯುತ್ತಾ ಸಡಿಲಾಗುತ್ತದೆ, ಇದು ಕಚ್ಚಿಕೊಂಡು ಕೂರುತ್ತದೆ. ಅಟ್ಟೆ ರಬ್ಬರಿನದು, ಅಂಟಿನ ಜೊತೆಗೆ ಸುತ್ತಲೂ ಹೊಲಿಗೆ ಇದೆ. ಒಳಗೆ ಪಾದದ ಕೆಳಗೆ ಎಂಸಿಆರ್ ಹಾಳೆ ಹಾಕಿದ್ದಾರೆ. ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಹಾಕುವ ಮೆತ್ತನೆ ರಬ್ಬರ್ ಅದು. ನಮ್ಮ ಒಪಿಡಿಗೆ ಬರುವ ಎಷ್ಟೋ ಅಜ್ಜ ಅಜ್ಜಿಯರ ಕಾಲಲ್ಲಿ ಅದನ್ನು ನೋಡಿದ್ದೆ, ಶೂ ಒಳಗೂ ಹಾಕಬಹುದು ಎಂದು ತಿಳಿದಿರಲಿಲ್ಲ. ಅದೇ ತಕ್ಕಡಿಯಲ್ಲಿ ತೂಗಿದೆ. ಎರಡೂ ಸೇರಿ 740 ಗ್ರಾಂ.

ಮೊದಲ ವಾರ ಹಿಮ್ಮಡಿ ಹಿಂದೆ ಕಚ್ಚಿತು. ಒಳಗಡೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಮನೆಯಲ್ಲಿ ದಿನಕ್ಕೊಂದು ಗಂಟೆ ಹಾಕಿಕೊಂಡು ಓಡಾಡಿದೆ. ಎರಡನೇ ವಾರಕ್ಕೆ ಸರಿಹೋಯಿತು. ಎರಡನೇ ತಿಂಗಳಿಗೆ ಬೆಳಗಿನ ಮೊದಲ ಹೆಜ್ಜೆಯ ನೋವು ಅರ್ಧ ಇಳಿದಿತ್ತು. ವ್ಯಾಯಾಮವನ್ನೂ ಮಾಡುತ್ತಿದ್ದೆ, ಹಾಗಾಗಿ ಎಲ್ಲವೂ ಶೂನಿಂದಲೇ ಎನ್ನಲಾರೆ.

ಎಮರ್ಜೆನ್ಸಿಯಲ್ಲಿ ಈ ಶೂಗೆ ನಿಜವಾದ ಪರೀಕ್ಷೆ. ಅಲ್ಲಿ ನೆಲದ ಮೇಲೆ ಯಾವಾಗ ಏನು ಬೀಳುತ್ತದೆ ಎಂದು ಹೇಳಲಾಗದು. ಸಲೈನ್, ವಾಂತಿ, ರಕ್ತ. ಆಂಬುಲೆನ್ಸ್ ಬಂದ ತಕ್ಷಣ ಸ್ಟ್ರೆಚರಿಗೆ ದಾರಿ ಬಿಡಿಸಬೇಕು, ಹಿಂದೆ ಬರುವ ಹತ್ತು ಹದಿನೈದು ಜನರನ್ನು ತಡೆದು ಇಬ್ಬರನ್ನು ಮಾತ್ರ ಒಳಗೆ ಬಿಡಬೇಕು. ಅವರ ಮನೆಯವರು ಸಾವು ಬದುಕಿನಲ್ಲಿ ಇರುತ್ತಾರೆ. ತಳ್ಳುತ್ತಾರೆ, ಬೈಯುತ್ತಾರೆ. ಡಾಕ್ಟರ್, ನರ್ಸುಗಳ ಮೇಲೆ ಕೈ ಮಾಡಿದರೆ ಶಿಕ್ಷೆ ಎಂದು 2009ರ ಕಾಯ್ದೆಯ ಬೋರ್ಡು ಗೋಡೆ ಮೇಲಿದೆ. ಆ ಹೊತ್ತಿನಲ್ಲಿ ಬೋರ್ಡು ಓದುವವರು ಯಾರು? ಕಾಲು ಗಟ್ಟಿಯಾಗಿ ನೆಲ ಹಿಡಿದು ನಿಂತು, ಮೆಲ್ಲಗೆ ಮಾತಾಡಿ, ನಿಧಾನ ಮಾಡಿಸುವುದೇ ನಮ್ಮ ಕೆಲಸ. ಪಿವಿಸಿ ಅಟ್ಟೆ ಒದ್ದೆ ಟೈಲ್ಸ್ ಮೇಲೆ ಜಾರುತ್ತಿತ್ತು. ಜಾರುವ ಭಯ ಇದ್ದರೆ ಗಮನವೆಲ್ಲ ಕಾಲ ಮೇಲೆ, ಮುಂದೆ ಇರುವವರ ಮುಖದ ಮೇಲೆ ಇರುವುದಿಲ್ಲ. ಈ ಏಳು ತಿಂಗಳಲ್ಲಿ ನಾನು ಒಮ್ಮೆಯೂ ಜಾರಿಲ್ಲ.

ರಾತ್ರಿ ಪಾಳಿಯಲ್ಲಿ ಇನ್ನೊಂದು ಗುಣ ತಿಳಿಯಿತು. ಐಸಿಯು ಹೊರಗಿನ ಹಾಲಿನಲ್ಲಿ ರೋಗಿಗಳ ಕಡೆಯವರು ಚಾಪೆ ಹಾಸಿ ಮಲಗಿರುತ್ತಾರೆ. ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಕೊಳ್ಳೇಗಾಲ ಕಡೆಯವರು. ಒಳಗೆ ಯಾರನ್ನೋ ಬಿಟ್ಟು ಬಂದವರಿಗೆ ಎರಡು ಗಂಟೆ ಹೊತ್ತಿಗೆ ಅಷ್ಟಿಷ್ಟು ಕಣ್ಣು ಹತ್ತಿರುತ್ತದೆ. ಹಳೆ ಶೂನಲ್ಲಿ ರೌಂಡ್ಸ್ ಹೋದರೆ ಟಕ್ ಟಕ್ ಶಬ್ದಕ್ಕೆ ಬೆಚ್ಚಿ ಎದ್ದು ಕೂರುತ್ತಿದ್ದರು. "ಕರೆದ್ರಾ ಮೇಡಂ, ಏನಾಯ್ತು?" ಎಂದು ನನ್ನ ಮುಖ ನೋಡುತ್ತಿದ್ದರು. ಆ ಮುಖಗಳನ್ನು ಮರೆಯಲು ಆಗುವುದಿಲ್ಲ. ಈಗ ತಲೆಗಳ ನಡುವೆ ದಾಟಿ ಹೋದರೂ ಯಾರೂ ಏಳುವುದಿಲ್ಲ. ಆದರೆ ನೆಲ ಒರೆಸಿದ ಕೂಡಲೇ ನಡೆದರೆ ರಬ್ಬರ್ ಕಿರ್ ಎನ್ನುತ್ತದೆ. ಒಣಗುವವರೆಗೆ ಬೇರೆ ಕಡೆ ಸುತ್ತಿ ಬರುತ್ತೇನೆ.

ಕೆಲವರು ಸ್ಟೀಲ್ ಮೂತಿಯ ಸೇಫ್ಟಿ ಶೂ ಒಳ್ಳೆಯದು ಎನ್ನುತ್ತಾರೆ. ಫ್ಯಾಕ್ಟರಿಗೆ ಸರಿ, ಆಸ್ಪತ್ರೆಗೆ ಬೇಡ. ಭಾರ ಒಂದು ಕಡೆ ಇರಲಿ, ನಮ್ಮಲ್ಲಿ ಎಂಆರ್‌ಐ ಕೋಣೆ ಇದೆ. ಸ್ಕ್ಯಾನ್ ನಡೆಯದಿದ್ದರೂ ಅದರ ಅಯಸ್ಕಾಂತ ಹಗಲು ರಾತ್ರಿ ಕೆಲಸ ಮಾಡುತ್ತಲೇ ಇರುತ್ತದೆ. ಒಳಗೆ ಗಲಾಟೆ ಅಂತ ಸ್ಟೀಲ್ ಶೂನಲ್ಲಿ ನುಗ್ಗಿದರೆ ನಮಗೂ ಅಪಾಯ, ರೋಗಿಗೂ ಅಪಾಯ. ಇದನ್ನು ಹೇಳಿದ್ದಕ್ಕೆ ಯಜಮಾನರು ಕಬ್ಬಿಣದ ಮೊಳೆ ಹೊಡೆಯಲಿಲ್ಲ, ಲೇಸಿನ ತೂತಿಗೆ ಹಿತ್ತಾಳೆ ಬಳೆ ಹಾಕಿದರು. ಹಾಗಂತ ಯಾವ ಶೂ ಹಾಕಿದ್ದರೂ ಟೆಕ್ನಿಷಿಯನ್ ಹೇಳದೆ ಆ ಬಾಗಿಲು ದಾಟಬಾರದು. ನಮ್ಮ ಹುಡುಗಿಯರಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಈ ಶೂನಲ್ಲಿ ಕೊರತೆಗಳೂ ಇವೆ. ಮಳೆಗಾಲದಲ್ಲಿ ಗೇಟ್ ಡ್ಯೂಟಿ ಬಿದ್ದರೆ ಒದ್ದೆಯಾದ ಚರ್ಮ ಒಣಗಲು ಎರಡು ದಿನ ಬೇಕು. ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ, ಒಲೆ ಹತ್ತಿರ ಇಟ್ಟರೆ ಬಿರುಕು ಬಿಡುತ್ತದೆ. ಹಾಗಾಗಿ ಇನ್ನೊಂದು ಜೊತೆ ಇಲ್ಲದೆ ಜೂನ್, ಜುಲೈ ಕಳೆಯುವುದು ಕಷ್ಟ. ರಕ್ತ ಬಿದ್ದ ಜಾಗಕ್ಕೆ ಹೌಸ್‌ಕೀಪಿಂಗ್‌ನವರು ಹೈಪೋಕ್ಲೋರೈಟ್ ಹಾಕುತ್ತಾರೆ. ಅದರ ಹನಿ ಸಿಡಿದು ಬಲಗಾಲಿನ ಮೂತಿಯಲ್ಲಿ ಬಿಳಿ ಚುಕ್ಕೆಗಳಾಗಿವೆ. ಪಾಲಿಶ್ ಹಾಕಿದರೆ ಮುಚ್ಚುತ್ತದೆ, ಪೂರ್ತಿ ಹೋಗುವುದಿಲ್ಲ. ಐದನೇ ತಿಂಗಳಲ್ಲಿ ಎಡಗಾಲಿನ ಮುಂದೆ ಒಂದು ಇಂಚು ಹೊಲಿಗೆ ಬಿಟ್ಟಿತ್ತು. ತೆಗೆದುಕೊಂಡು ಹೋದೆ, ಕೂರಿಸಿ ಹತ್ತು ನಿಮಿಷದಲ್ಲಿ ಹೊಲಿದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಶೂ ಎಷ್ಟೇ ಒಳ್ಳೆಯದಿದ್ದರೂ ಕುರ್ಚಿ ಕುರ್ಚಿಯೇ. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ಸೇರಿಸಿದವು. ಬಾಗಿಲು ಕಾಯುವವರೂ ನಿಂತೇ ಇರಬೇಕು ಅಂತ ಏನಿಲ್ಲ, ಅಲ್ವಾ? ಆಫೀಸರ್ ಆದ ಮೇಲೆ ಹೆರಿಗೆ ವಾರ್ಡಿನ ಪೋಸ್ಟಿಗೆ ಕೇಳಿ ಕೇಳಿ ಒಂದು ಸ್ಟೂಲ್ ಹಾಕಿಸಿದ್ದೇನೆ. ಮಿಕ್ಕ ಪೋಸ್ಟುಗಳಿಗೂ ಕೇಳುತ್ತಿದ್ದೇನೆ.

1,850 ರೂಪಾಯಿ ನಮ್ಮ ಸಂಬಳದಲ್ಲಿ ಸಣ್ಣ ಮೊತ್ತ ಅಲ್ಲ. ಒಂದೇ ಸಲ ಕೊಡಲು ಆಗದವರಿಗೆ ನನ್ನ ಸಲಹೆ ಇಷ್ಟು: ಮೊದಲು ಎಂಸಿಆರ್ ಹಾಳೆ ಮಾತ್ರ ನಿಮ್ಮ ಪಾದದ ಅಳತೆಗೆ ಕತ್ತರಿಸಿ ಹಾಕಿಸಿಕೊಳ್ಳಿ. ನನಗೆ ಅದಕ್ಕೆ ಬೇರೆಯಾಗಿ 120 ಎಂದಿದ್ದರು. ಅಷ್ಟರಿಂದಲೂ ನೋವು ಸ್ವಲ್ಪ ಇಳಿಯಬಹುದು. ಏಜೆನ್ಸಿಯವರು ಓದುತ್ತಿದ್ದರೆ ಒಂದು ಕೋರಿಕೆ. ಯೂನಿಫಾರ್ಮಿಗೆ ಅಳತೆ ಬರೆದುಕೊಳ್ಳುವ ದಿನವೇ ಹೆಣ್ಣುಮಕ್ಕಳ ಪಾದದ ನಂಬರನ್ನೂ ಬರೆದುಕೊಳ್ಳಿ. ಮೂರು, ನಾಲ್ಕು, ಐದು ನಂಬರಿನ ಶೂ ತರಿಸಿ ಇಡಿ.

ಹೋದ ತಿಂಗಳು ಮತ್ತೆ ಕೋಡ್ ಪಿಂಕ್ ಡ್ರಿಲ್ ಆಯಿತು. ಅದೇ ಮೆಟ್ಟಿಲು. ನಾನು ಪಾರ್ಕಿಂಗ್ ಬಾಗಿಲಿಗೆ ಬಂದು ನಿಂತಾಗ ಬ್ಯಾಗ್ ಹಿಡಿದವರು ಇನ್ನೂ ಹತ್ತು ಅಡಿ ದೂರ ಇದ್ದರು. "ಸ್ವಲ್ಪ ಬ್ಯಾಗ್ ತೆಗೀರಿ" ಎಂದೆ. ಮೇಲೆ ಟವಲ್, ಕೆಳಗೆ ಗೊಂಬೆ.

ಮೊನ್ನೆ ಮಕ್ಕಳ ಐಸಿಯು ಬಾಗಿಲಲ್ಲಿ ನಿಲ್ಲುವ ಹುಡುಗಿಯನ್ನು ಡ್ಯೂಟಿ ಮುಗಿದ ಮೇಲೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವಳದು ಮೂರು ನಂಬರ್. ಹೊಸ ರಟ್ಟು ಹುಡುಕುತ್ತಾ ಯಜಮಾನರು ನನ್ನ ಪಾದದ ಗೆರೆ ಇರುವ ರಟ್ಟನ್ನು ಪಕ್ಕಕ್ಕೆ ಇಟ್ಟರು. ಅದರ ಮೂಲೆಯಲ್ಲಿ "ಆಸ್ಪತ್ರೆ, ಓಡಬೇಕು" ಎಂದು ಬರೆದುಕೊಂಡಿದ್ದರು. ಅವಳ ಶೂ ಬರುವ ಗುರುವಾರ ಸಿಗುತ್ತದೆ.